ಅಂಕ ಜಾಸ್ತಿ ಇದ್ದರೂ ಪ್ರತಿಭಾ ಪುರಸ್ಕಾರ ಯಾಕೆ ಸಿಗಲಿಲ್ಲ?

ಪ್ರಶ್ನೆ (ಸಾಗರದಿಂದ ಒಬ್ಬ ತಾಯಿ):
ನಾವು ಸಿದ್ದಿಯರು, ಆಫ್ರಿಕಾ ಮೂಲದ ಸಮುದಾಯ. ಮೂಲ ಊರು ಯಲ್ಲಾಪುರದ ಕಡೆ, ಈಗ ಇಲ್ಲೇ ಅಡಿಕೆ ತೋಟದಲ್ಲಿ ಕೆಲಸ. ಮಗಳು ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 598 ತೆಗೆದಳು. ಶಾಲೆಗೇ ಅದು ಜಾಸ್ತಿ. ಆದರೆ ಪುರಸ್ಕಾರ 591 ತೆಗೆದ ಹುಡುಗಿಗೆ ಹೋಯಿತು. ಕೇಳಿದರೆ "ಒಟ್ಟಾರೆ ವ್ಯಕ್ತಿತ್ವ ನೋಡಿದ್ವಿ" ಅಂದರು. ಪುರಸ್ಕಾರ ಕೊಡುವ ದಿನದ ಹಿಂದಿನ ರಾತ್ರಿ ಮಗಳು ತಂಬಿಗೆಗೆ ಕೆಂಡ ತುಂಬಿ ಸಮವಸ್ತ್ರ ಇಸ್ತ್ರಿ ಮಾಡಿಕೊಂಡಿದ್ದಳು. ಮನೆಗೆ ಬಂದವಳು ಮುಡಿದಿದ್ದ ಅಬ್ಬಲಿಗೆ ತೆಗೆದಿಟ್ಟು, "ನನ್ನ ಕೂದಲು, ಬಣ್ಣ ನೋಡಿ ಹೀಗಾ ಅಮ್ಮಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಏನು ಮಾಡಲಿ?

ಹೊಸನಗರದ ಪೋಷಕ:
ಆ ಹುಡುಗಿ ಆಟ, ಭಾಷಣದಲ್ಲೂ ಮುಂದೆ ಇದ್ದಿರಬಹುದು ಅಲ್ವಾ? ಮೊದಲು ಕಾರಣ ಕೇಳಿ.

ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು:
ಕೇಳಬೇಕು, ಅದೂ ಬರವಣಿಗೆಯಲ್ಲಿ. ಸರ್ಕಾರಿ ಅಥವಾ ಅನುದಾನಿತ ಶಾಲೆಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಆಯ್ಕೆ ಸಭೆಯ ನಡಾವಳಿ ಕೇಳಿ. ಮುಖ್ಯವಾಗಿ, ಆಯ್ಕೆಯ ನಿಯಮ ಬರೆದದ್ದು ಯಾವ ತಾರೀಖಿಗೆ? ಫಲಿತಾಂಶ ಬಂದ ಮೇಲೆ ಬರೆದಿದ್ದರೆ ಅದು ನಿಯಮವೇ ಅಲ್ಲ. ನಾನೂ ಇಂಥ ಸಮಿತಿಗಳಲ್ಲಿ ಕೂತವನು. 'ವ್ಯಕ್ತಿತ್ವ'ಕ್ಕೆ ಅಂಕ ಹಾಕುವಾಗ ಯಾರೂ ಕಾರಣ ಬರೆಯುತ್ತಿರಲಿಲ್ಲ. ನಾನೂ ಬರೆಯಲಿಲ್ಲ, ಅದು ತಪ್ಪು. ಮಗಳಿಗೆ ಹೇಳಮ್ಮ, 598 ಅವಳದ್ದೇ.

ತಾಯಿ:
ಮೇಷ್ಟ್ರೇ, ಅರ್ಜಿ ಮಗಳೇ ಬರೆದಳು, ನಾನು ಸಹಿ ಹಾಕಿದೆ. ಸೋಮವಾರ ಕೊಡುತ್ತೇವೆ.