‘ವಿಶ್ ಯು ವೇರ್ ಹಿಯರ್’ ಪೂರ್ತಿ ಕೇಳಬೇಕಾ, ಟೈಟಲ್ ಹಾಡು ಸಾಕಾ?

ಪ್ರಶ್ನೆ: ರಾಕ್ ಈಗಷ್ಟೇ ಕೇಳಲು ಶುರು ಮಾಡಿದ್ದೇನೆ. ಎಲ್ಲರೂ ಹೊಗಳುತ್ತಾರೆ ಅಂತ ಬ್ರಿಟಿಷ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಈ ಆಲ್ಬಮ್ ಹಾಕಿದೆ. ಮೊದಲ ಹಾಡಿನಲ್ಲಿ ಎಂಟು ನಿಮಿಷ ಕಳೆದರೂ ಯಾರೂ ಹಾಡುವುದೇ ಇಲ್ಲ! ಟೈಟಲ್ ಹಾಡು ಮಾತ್ರ ಕೇಳಿ ಮುಂದಕ್ಕೆ ಹೋಗಲಾ? ಕೇಳಿದವರು ಅನುಭವ ಹೇಳಿ.

ಉತ್ತರ 1: ದಯವಿಟ್ಟು ಹಾಗೆ ಮಾಡಬೇಡಿ. ಟೈಟಲ್ ಹಾಡು ಒಂದನ್ನೇ ಕೇಳಿದರೂ ಚೆನ್ನಾಗಿಯೇ ಇರುತ್ತದೆ, ಆದರೆ ಅದು ಯಾರಿಗೋಸ್ಕರ ಅಷ್ಟು ಹಂಬಲಿಸುತ್ತಿದೆ ಅನ್ನುವುದು ಹಿಂದಿನ ಹಾಡುಗಳನ್ನು ದಾಟಿ ಬಂದಾಗಲೇ ಗೊತ್ತಾಗುವುದು. ಬ್ಯಾಂಡ್ ಶುರುವಿನಲ್ಲಿ ಅದರ ಜೀವವೇ ಆಗಿದ್ದ ಸಿಡ್ ಬ್ಯಾರೆಟ್, ಮನಸ್ಸಿನ ಆರೋಗ್ಯ ಕೆಟ್ಟು 1968ರಲ್ಲೇ ದೂರವಾಗಿದ್ದ. 1975ರ ಜೂನ್ 5ರಂದು ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ, ಅವನ ಬಗ್ಗೆಯೇ ಬರೆದ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಹಾಡಿನ ಕೆಲಸ ನಡೆಯುತ್ತಿದ್ದಾಗ, ಒಬ್ಬ ದಪ್ಪ ಮನುಷ್ಯ ಒಳಗೆ ಬಂದ. ತಲೆ ಬೋಳು, ಹುಬ್ಬೂ ಇಲ್ಲ. ಅವನೇ ಸಿಡ್ ಅಂತ ಗೊತ್ತಾಗಲು ಗೆಳೆಯರಿಗೇ ಹೊತ್ತು ಹಿಡಿಯಿತು. ಬ್ಯಾಂಡಿನ ಬಾಸ್ ಗಿಟಾರ್ ವಾದಕ ರೋಜರ್ ವಾಟರ್ಸ್ ಅತ್ತುಬಿಟ್ಟನಂತೆ.

ನೀವು ಹೇಳಿದ ಮೊದಲ ಹಾಡು ಇದೇ ‘ಶೈನ್ ಆನ್’. ಈಗ ಅದರ ಆ ಎಂಟು ನಿಮಿಷಕ್ಕೆ ಬನ್ನಿ. ರಿಚರ್ಡ್ ರೈಟ್‌ನ ಕೀಬೋರ್ಡ್ ಮೆಲ್ಲಗೆ ಏಳುತ್ತದೆ. ಅದರಡಿಯಲ್ಲಿ ವೈನ್ ಗ್ಲಾಸಿನ ಅಂಚನ್ನು ಬೆರಳಿನಿಂದ ಉಜ್ಜಿ ತೆಗೆದ ನಾದವೂ ಇದೆ. ಮೇಲೆ ಡೇವಿಡ್ ಗಿಲ್ಮೋರ್‌ನ ಗಿಟಾರ್, ಒಂದಿಷ್ಟೂ ಆತುರವಿಲ್ಲ. ನಾಲ್ಕನೇ ನಿಮಿಷದ ಹತ್ತಿರ ಎಲ್ಲ ಸುಮ್ಮನಾಗಿ ಬರೀ ನಾಲ್ಕು ಸ್ವರ. ಸ್ವಲ್ಪ ಬಿಟ್ಟು ಮತ್ತೆ ಅದೇ ನಾಲ್ಕು. ಆಮೇಲೆ ಡ್ರಮ್ಸ್ ಸೇರಿಕೊಳ್ಳುತ್ತದೆ, ಅಲ್ಲಿ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಿಂದೂಸ್ತಾನಿ ಆಲಾಪ ಕೇಳುವಾಗ ಬಂದಿಶ್ ಯಾವಾಗ ಅಂತ ಗಡಿಯಾರ ನೋಡುವುದಿಲ್ಲ ಅಲ್ವಾ, ಹಾಗೇ ಕೂತು ಕೇಳಿ.

ಇನ್ನೊಂದು, ಷಫಲ್ ಆಫ್ ಮಾಡಿ. ನಡುವೆ ಜಾಹೀರಾತು ಬರುವ ಆ್ಯಪ್‌ನಲ್ಲಂತೂ ಬೇಡವೇ ಬೇಡ. ‘ಹ್ಯಾವ್ ಎ ಸಿಗಾರ್’ ಕೊನೆಯಲ್ಲಿ ಇಡೀ ಬ್ಯಾಂಡಿನ ಸದ್ದು ಒಮ್ಮೆಲೇ ಕುಗ್ಗಿ ಸಣ್ಣ ರೇಡಿಯೋದೊಳಗೆ ಹೋಗಿಬಿಡುತ್ತದೆ, ಯಾರೋ ಸ್ಟೇಷನ್ ತಿರುಗಿಸುತ್ತಾರೆ, ಅದೇ ರೇಡಿಯೋದಲ್ಲಿ ಟೈಟಲ್ ಹಾಡಿನ ಗಿಟಾರ್ ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಗಿಟಾರ್ ಕಿವಿಯ ಪಕ್ಕದಲ್ಲೇ ಬಂದು ಜೊತೆಯಾಗುತ್ತದೆ. ಹೆಡ್‌ಫೋನ್ ಹಾಕಿದ್ದರೆ ನುಡಿಸುವ ಮುಂಚಿನ ಕೆಮ್ಮು ಕೂಡ ಕೇಳುತ್ತದೆ. ಎದುರಿಗಿಲ್ಲದವನ ಜೊತೆ ಮಾತಾಡುವುದನ್ನು ಇಷ್ಟು ಚೆನ್ನಾಗಿ ಬೇರೆ ಯಾವ ಆಲ್ಬಮ್ಮಿನಲ್ಲೂ ನಾನು ಕೇಳಿಲ್ಲ. ‘ವೆಲ್ಕಮ್ ಟು ದ ಮೆಷೀನ್’ ಮಾತ್ರ ನನಗೆ ಅಷ್ಟಕ್ಕಷ್ಟೇ.

ಉತ್ತರ 2: ಮೇಲಿನವರು ಹೇಳಿದ್ದೆಲ್ಲ ಸರಿ, ‘ಮೆಷೀನ್’ ವಿಷಯ ಬಿಟ್ಟು. ನಾನು ಈ ಆಲ್ಬಮ್ಮಿಗೆ ಬಂದಿದ್ದೇ ಆ ಹಾಡಿನಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನೈಟ್ ಶಿಫ್ಟ್ ಕ್ಯಾಬ್‌ನಲ್ಲಿ ಕೇಳುತ್ತಿದ್ದೆ. ಸಿಂಥಸೈಸರ್ ಒಂದೇ ಸಮನೆ ಬಡಿದುಕೊಳ್ಳುತ್ತಿರುತ್ತದೆ, ಅದರ ನಡುವೆ ಒಂಟಿಯಾಗಿ ಅಕೌಸ್ಟಿಕ್ ಗಿಟಾರ್. ನನ್ನ ಮೇಲೇ ಬರೆದಿದ್ದಾರೆ ಅನ್ನಿಸುತ್ತಿತ್ತು. ಆ ಹಾಡು, ‘ಸಿಗಾರ್’ ಎರಡೂ ಸಂಗೀತ ವ್ಯಾಪಾರದ ಮೇಲಿನ ಸಿಟ್ಟು. ಸಿಡ್ ಸಿಕ್ಕಿಹಾಕಿಕೊಂಡಿದ್ದೂ ಅದೇ ವ್ಯಾಪಾರದ ಒಳಗೆ, ಹಾಗಾಗಿ ಅವುಗಳನ್ನು ಬಿಟ್ಟು ಕೇಳಿದರೆ ಕಥೆ ಅರ್ಧಂಬರ್ಧ ಆಗುತ್ತದೆ. ಕವರ್ ಫೋಟೋ ನೋಡಿ, ಕೈಕುಲುಕುತ್ತಿರುವ ಇಬ್ಬರಲ್ಲಿ ಒಬ್ಬನ ಮೈಗೆ ಬೆಂಕಿ ಹತ್ತಿದೆ. ಅದು ಟ್ರಿಕ್ ಅಲ್ಲ, ಸ್ಟಂಟ್‌ಮನ್‌ಗೆ ನಿಜವಾಗಿಯೇ ಬೆಂಕಿ ಹಚ್ಚಿ ತೆಗೆದದ್ದು.

ಕೊನೆಯ ಹಾಡನ್ನು ಪೂರ್ತಿ ಮುಗಿಯುವ ತನಕ ಬಿಡಿ. ಸದ್ದು ಇಳಿಯುತ್ತಾ ಹೋಗುವಾಗ ರೈಟ್, ಸಿಡ್ ಬರೆದ ‘ಸೀ ಎಮಿಲಿ ಪ್ಲೇ’ ಹಾಡಿನ ಒಂದು ತುಣುಕನ್ನು ನುಡಿಸುತ್ತಾನೆ. 1967ರ ಆ ಹಾಡನ್ನು ಮೊದಲೇ ಒಂದೆರಡು ಸಲ ಕೇಳಿಟ್ಟುಕೊಂಡರೆ ಥಟ್ಟನೆ ಗುರುತು ಸಿಗುತ್ತದೆ. ಐದೇ ಟ್ರ್ಯಾಕ್, ಎಲ್ಲ ಸೇರಿ ಸುಮಾರು 44 ನಿಮಿಷ. ಹಿಡಿಸಿದರೆ ಮುಂದೆ 1977ರ ‘ಅನಿಮಲ್ಸ್’ ಹಾಕಿ. ಅಲ್ಲೂ ಹಾಡುಗಳು ಉದ್ದ, ಆದರೆ ಸಿಟ್ಟು ಇನ್ನೂ ಜಾಸ್ತಿ.