ಮೊದಲ ಸಲ ಬಿದ್ದ ಮೇಲೆ ಇಳಿಜಾರಿನ ಅಂದಾಜು ಹೇಗೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮೌಂಟನ್ ಬೈಕ್ (ಗುಡ್ಡದ ಮಣ್ಣುದಾರಿಯಲ್ಲಿ ಓಡಿಸುವ ಸೈಕಲ್) ಕೊಂಡು ಮೂರು ತಿಂಗಳಾಯಿತು. ಕಳೆದ ಭಾನುವಾರ ನಂದಿಬೆಟ್ಟದ ಆಸುಪಾಸಿನ ಮಣ್ಣಿನ ದಾರಿಯಲ್ಲಿ ಇಳಿಯುವಾಗ, ಮುಂದಿದ್ದ ಅನುಭವಿಗಳನ್ನು ಸರಿಗಟ್ಟುವ ಹುಮ್ಮಸ್ಸಿನಲ್ಲಿ ಸಡಿಲ ಜಲ್ಲಿಯ ಮೇಲೆ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದು, ಹ್ಯಾಂಡಲ್ ಮೇಲಿಂದ ಹಾರಿ ಬಿದ್ದೆ. ಹೆಲ್ಮೆಟ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಬಲಗೈ ಹೆಬ್ಬೆರಳಿನ ಬುಡ ಇನ್ನೂ ನೋಯುತ್ತಿದೆ. ಯಾವ ಇಳಿಜಾರು ನನ್ನ ಅಳವಿಗೆ ಮೀರಿದ್ದೆಂದು ಮೊದಲೇ ತಿಳಿಯುವುದು ಹೇಗೆ?

ಉತ್ತರ 1:
ಇಳಿಜಾರಿನ ಮಾತು ಆಮೇಲೆ, ಮೊದಲು ಕೈಯನ್ನು ಮೂಳೆ ವೈದ್ಯರಿಗೆ ತೋರಿಸಿ. ಹೆಬ್ಬೆರಳಿನ ಬುಡದ ಬಳಿ ಮಣಿಕಟ್ಟಿನಲ್ಲಿರುವ ಸ್ಕ್ಯಾಫಾಯ್ಡ್ ಎಂಬ ಸಣ್ಣ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು; ಅದಕ್ಕೆ ರಕ್ತದ ಪೂರೈಕೆ ಕಡಿಮೆಯಾದ್ದರಿಂದ, ಅಲಕ್ಷಿಸಿದರೆ ಮೂಳೆ ಕೂಡಿಕೊಳ್ಳದೆಯೇ ಉಳಿಯಬಹುದು. ಹೆಲ್ಮೆಟ್ಟನ್ನೂ ಬದಲಿಸಿ, ಒಳಗಿನ ಥರ್ಮೊಕೋಲ್‌ನಂಥ ಪದರ ಒಮ್ಮೆ ಕುಗ್ಗಿದರೆ ಮೊದಲಿನಂತಾಗುವುದಿಲ್ಲ.

ಉತ್ತರ 2:
ಅನುಮಾನ ಹುಟ್ಟಿಸುವ ಇಳಿಜಾರನ್ನು ನಾನು ಮೊದಲು ನಡೆದು ನೋಡುತ್ತೇನೆ. ಎಲ್ಲಿ ಬ್ರೇಕ್ ಸಡಿಲಿಸಬೇಕು, ಎಲ್ಲಿ ನಿಲ್ಲಬಹುದು ಎಂಬುದು ಕಣ್ಣಿಗೆ ಕಟ್ಟದಿದ್ದರೆ ಸೈಕಲ್ ತಳ್ಳಿಕೊಂಡೇ ಇಳಿಯುತ್ತೇನೆ. (ಹತ್ತು ವರ್ಷ ಓಡಿಸಿದ ಮೇಲೂ ತಳ್ಳುತ್ತೇನೆ, ನಾಚಿಕೆಯೇನಿಲ್ಲ.) ಇಳಿಯುವಾಗ ಸೀಟು ತಗ್ಗಿಸಿ, ಪೆಡಲ್‌ಗಳನ್ನು ಸಮಮಟ್ಟದಲ್ಲಿಟ್ಟು, ಸೊಂಟವನ್ನು ಹಿಂದಕ್ಕೆ ಸರಿಸಿ, ಎರಡೂ ಬ್ರೇಕುಗಳನ್ನು ಹದವಾಗಿ ಒತ್ತಿ. ದಣಿದ ಕೈಗೆ ಆ ಹದ ಸಿಗದು. ಆದ್ದರಿಂದ ‘ಕೊನೆಯದೊಂದು ಸುತ್ತು’ ಎಂದು ಯಾರು ಕರೆದರೂ ಹೋಗಬೇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನಾನು ಬಿದ್ದದ್ದೂ ಅಂಥದೇ ಕೊನೆಯ ಸುತ್ತಿನಲ್ಲಿ. ನಾಳೆಯೇ ವೈದ್ಯರಲ್ಲಿಗೆ ಹೋಗುತ್ತೇನೆ.