ಹತ್ತು ಗಂಟೆಯ ನಂತರದ ಬಸ್ಸುಗಳು ಮಾತ್ರ ಬಿಲ್ಡ್‌ನಲ್ಲಿ ಕೆಡುತ್ತಿವೆ

ಕಾಪು_ಬೀಚ್:
ನಮಸ್ಕಾರ. ಮಂಗಳೂರು ಸ್ಟೇಟ್‌ಬ್ಯಾಂಕ್‌ನಿಂದ ಉಡುಪಿಗೆ ಹೋಗುವ ಬಸ್ಸುಗಳ ಸಮಯ ತೋರಿಸುವ ಒಂದು ಆಪ್ ಮಾಡುತ್ತಿದ್ದೇನೆ, ಸುಮ್ನೆ ಹವ್ಯಾಸಕ್ಕೆ. ಸಮಯಗಳೆಲ್ಲ ಒಂದು ಯಾಮಲ್ (ಮಾಹಿತಿಯನ್ನು ಸರಳ ಪಠ್ಯವಾಗಿ ಬರೆದಿಡುವ ರೂಪ) ಫೈಲ್‌ನಲ್ಲಿವೆ. ಫೈಲ್ ತಿದ್ದಿ ಪುಶ್ ಮಾಡಿದ (ಗಿಟ್‌ಹಬ್‌ಗೆ ಕಳಿಸಿದ) ಕೂಡಲೇ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ, ಅಂದರೆ ಅವರ ಸರ್ವರ್‌ನಲ್ಲಿ ತಾನಾಗಿ ನಡೆಯುವ ಬಿಲ್ಡ್‌ನಲ್ಲಿ, ಪೈಥಾನ್ ಸ್ಕ್ರಿಪ್ಟ್ ಅದನ್ನು ಓದಿ ಆಪ್‌ಗೆ ಬೇಕಾದ ಜೇಸನ್ ಫೈಲ್ ಮಾಡುತ್ತದೆ. 07:15, 09:40 ಸರಿಯಾಗಿ ಬರುತ್ತವೆ. 10:20ರ ಬಸ್ಸು 620 ಆಗುತ್ತದೆ, 13:05 ಹೋಗಿ 785. ಎರರ್ ಇಲ್ಲ, ಬಿಲ್ಡ್ ಹಸಿರು, ಅಂದರೆ ಪಾಸ್. ಲ್ಯಾಪ್‌ಟಾಪ್‌ನಲ್ಲಿ ಅದೇ ಫೈಲ್ ಸರಿ ಇದೆ. ಸರ್ವರ್‌ನ ಗಡಿಯಾರ ಯುಟಿಸಿ ಅಲ್ವಾ, ಅದರದ್ದೇ ತೊಂದರೆ ಅಂತ ಐದೂವರೆ ಗಂಟೆ ಸೇರಿಸಿ ನೋಡಿದೆ. ಇನ್ನೂ ಹಾಳಾಯಿತು.

ಕುಡ್ಲ_ಪೈಪ್‌ಲೈನ್:
ಟೈಮ್‌ಜೋನ್ ಅಲ್ಲ ಮಾರಾಯ್ರೆ. 620 ನಿಮಿಷ ಅಂದರೆ ಎಷ್ಟು ಗಂಟೆ, ಲೆಕ್ಕ ಹಾಕಿ. ಹತ್ತು ಗಂಟೆ ಇಪ್ಪತ್ತು ನಿಮಿಷ! ಯಾಮಲ್ 1.1ರಲ್ಲಿ ನಡುವೆ ಕೋಲನ್ ಇರುವ ಅಂಕಿಗಳನ್ನು 60ರ ಲೆಕ್ಕದ ಸಂಖ್ಯೆ ಅಂತ ಓದುವ ನಿಯಮ ಇದೆ. ಸೊನ್ನೆಯಿಂದ ಶುರುವಾದರೆ ಅದು ಹಿಡಿಯುವುದಿಲ್ಲ, ಹಾಗಾಗಿ 09:40 ಬಚಾವ್. 2009ರಲ್ಲಿ ಬಂದ 1.2ರಲ್ಲಿ ಈ ನಿಯಮ ಇಲ್ಲ. ಆದರೆ ಪೈಥಾನ್‌ನಲ್ಲಿ ಯಾಮಲ್ ಓದುವ ಪೈಯಾಮಲ್ ಲೈಬ್ರರಿ ಈಗಲೂ 1.1ನ್ನೇ ಹಿಡಿದುಕೊಂಡಿದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬೇರೆ ಲೈಬ್ರರಿ ಇರಬೇಕು, ನೋಡಿ. ಸದ್ಯಕ್ಕೆ '10:20' ಅಂತ ಕೋಟ್ ಹಾಕಿ.

ಕಾಪು_ಬೀಚ್:
ಹೌದು, ಇಲ್ಲಿ ರುಅಮೆಲ್ ಇತ್ತು, ಬಿಲ್ಡ್‌ನಲ್ಲಿ ಪೈಯಾಮಲ್. ಕೋಟ್ ಹಾಕಿದೆ, ಸರಿಯಾಯಿತು. ಆದರೆ ಸಮಯ ಸೇರಿಸುವುದು ನಮ್ಮ ಭಾವ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮೊಬೈಲಲ್ಲೇ ತಿದ್ದುತ್ತಾರೆ. ಕೋಟ್ ಹಾಕಿ ಅಂತ ಎಷ್ಟು ಸಲ ಹೇಳುವುದು?

ಮಣಿಪಾಲ_ಲಾಗ್:
ಭಾವನನ್ನು ಬಿಡಿ, ಸ್ಕ್ರಿಪ್ಟ್ ತಿದ್ದಿ. ಫೈಲ್ ಓದಲು ಪೈಯಾಮಲ್‌ಗೆ ಸೇಫ್‌ಲೋಡರ್ ಬದಲು ಬೇಸ್‌ಲೋಡರ್ ಕೊಟ್ಟರೆ ಸಂಖ್ಯೆ ಗಿಂಖ್ಯೆ ಏನೂ ಮಾಡದೆ ಎಲ್ಲವನ್ನೂ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಆಗಿಯೇ ಓದುತ್ತದೆ. ಹಾಗೆಯೇ ಬಿಲ್ಡಿನ ಹಂತಗಳನ್ನು ಬರೆದ ವರ್ಕ್‌ಫ್ಲೋ ಫೈಲ್‌ನಲ್ಲಿ (ಅದೂ ಯಾಮಲ್) ಪೈಥಾನ್ ವರ್ಷನ್ 3.10 ಅಂತ ಕೋಟ್ ಇಲ್ಲದೆ ಬರೆದಿದ್ದೀರಾ ನೋಡಿ. ಸಂಖ್ಯೆ ಅಂತ ಓದಿ ಅದು 3.1 ಆಗುತ್ತದೆ. ನನ್ನ ಅರ್ಧ ದಿನ ಅದರಲ್ಲೇ ಹೋಗಿತ್ತು.

ಕಾಪು_ಬೀಚ್:
ಬೇಸ್‌ಲೋಡರ್ ಹಾಕಿದೆ. ಸಮಯ ಎಲ್ಲ ಸರಿ. ಆದರೆ ಆದಿತ್ಯವಾರ ಇಲ್ಲದ ಬಸ್ಸುಗಳೂ ಆದಿತ್ಯವಾರ ಓಡಲು ಶುರುವಾದವು!

ಮಣಿಪಾಲ_ಲಾಗ್:
ಅಯ್ಯೋ, ಅದನ್ನು ಹೇಳಲು ಮರೆತೆ. ಆದಿತ್ಯವಾರ ಇಲ್ಲ ಅಂತ ಬರೆದ ಫಾಲ್ಸ್ ಕೂಡ ಈಗ ಬರೀ ಸ್ಟ್ರಿಂಗ್. ಖಾಲಿ ಅಲ್ಲದ ಸ್ಟ್ರಿಂಗ್ ಪೈಥಾನ್‌ಗೆ ಯಾವಾಗಲೂ ಟ್ರೂ. ಆ ಒಂದು ಫೀಲ್ಡನ್ನು ನೀವೇ ಹೋಲಿಸಿ ತಿರುಗಿಸಿಕೊಳ್ಳಿ. ಮತ್ತೆ, ಸಮಯ ಎರಡು ಅಂಕಿ, ಕೋಲನ್, ಎರಡು ಅಂಕಿ ಇಲ್ಲದಿದ್ದರೆ ಬಿಲ್ಡ್ ನಿಲ್ಲುವ ಹಾಗೆ ಒಂದು ಚೆಕ್ ಹಾಕಿ.

ಕಾಪು_ಬೀಚ್:
ಎರಡೂ ಹಾಕಿದೆ. ಈಗಷ್ಟೇ ಬಿಲ್ಡ್ ಕೆಂಪಾಗಿ ನಿಂತಿತು. ಭಾವ 12.40 ಅಂತ ಚುಕ್ಕಿ ಹಾಕಿದ್ದಾರೆ.